ಯಂತ್ರಮಾನವನ ಕಡಿವಾಣ

ಯಂತ್ರವು ಮನುಷ್ಯನ ಆಳು ಎಂದು ನಾವು ಹೇಳುತ್ತ ಬಂದಿದ್ದೇವೆ. ಆಳು ಎಂದ ಮೇಲೆ ಒಡೆಯನೊಬ್ಬನು ಇರಲೇಬೇಕು. ಒಡೆಯ ಬದಲಾದರೆ ಆಳಿನ ಕೆಲಸವೂ ಬದಲಾಗುತ್ತದೆ. ನಿನ್ನೆ ಹೊಲ ಉತ್ತ ಕೈ ಇಂದು ಊರಿಗೆ ಕೊಳ್ಳಿ ಇಡಬಹುದು. ಹಾಗಾದಾಗ ಅಪರಾಧ ಯಾರದು? ಆಳಿನದೇ, ಅಪ್ಪಣೆ ಕೊಟ್ಟ ಒಡೆಯನದೇ, ಅಂಥ ಆಳನ್ನು ಸೃಷ್ಟಿಸಿದವನದೇ? ಈ ಪ್ರಶ್ನೆಯನ್ನು ಇಪ್ಪತ್ತನೆಯ ಶತಮಾನದ ತತ್ತ್ವಜ್ಞರೂ ರಾಜನೀತಿಜ್ಞರೂ ಗಂಭೀರವಾಗಿ ಚರ್ಚಿಸಿದ್ದಾರೆ. ಆದರೆ ಇದೇ ಪ್ರಶ್ನೆಯನ್ನು ಹತ್ತು ಹನ್ನೆರಡು ವರ್ಷದ ಮಕ್ಕಳ ಮುಂದೆ, ಅಗ್ಗದ ಕಾಗದದಲ್ಲಿ ಅಚ್ಚಾದ ಚಿತ್ರಗಳ ಮೂಲಕ ಇಟ್ಟ ಕಥಾಪರಂಪರೆಯೊಂದುಂಟು. ಬೆಟ್ಟದೆತ್ತರದ ಯಂತ್ರಮಾನವರು ಒಬ್ಬರ ಮೇಲೊಬ್ಬರು ಬಿದ್ದು ಹೋರಾಡುವ ಈ ಚಿತ್ರಕಥೆಗಳನ್ನು, ಅಂದರೆ ಕಾಮಿಕ್ಸನ್ನು, ಓದುಬಲ್ಲವರು ಸಾಮಾನ್ಯವಾಗಿ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಮಕ್ಕಳ ಕೈಯಿಂದ ಕಸಿದು ಬದಿಗಿಡುವುದೇ ಹೆಚ್ಚು. ಅದರ ಚರಿತ್ರೆಯನ್ನು ಸ್ವಲ್ಪ ನಿಧಾನವಾಗಿ ನೋಡಿದವರಿಗೆ ಮಾತ್ರ, ಒಂದು ಯುದ್ಧದಲ್ಲಿ ಸುಟ್ಟುಹೋದ ನಾಡು ತನ್ನ ಮಕ್ಕಳೊಡನೆ ಆಡಿದ ಮಾತು ಅದರಲ್ಲಿ ಕೇಳಿಸುತ್ತದೆ.

'ರೋಬೋಟ್' ಎಂಬ ಶಬ್ದವೇ ಸಾಹಿತ್ಯದ ಕೊಡುಗೆ ಎಂಬುದು ಅನೇಕರಿಗೆ ತಿಳಿದಿರಬಹುದು. ಚೆಕ್ ನಾಟಕಕಾರ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ 'ಆರ್. ಯು. ಆರ್.' ಎಂಬ ನಾಟಕದಿಂದ ಅದು ಲೋಕದ ಭಾಷೆಗಳಿಗೆಲ್ಲ ಹರಡಿತು. ಶಬ್ದವನ್ನು ಸೂಚಿಸಿದವನು ಆತನ ಅಣ್ಣ ಯೋಸೆಫ್. ಚೆಕ್ ಭಾಷೆಯಲ್ಲಿ 'ರೊಬೊತಾ' ಎಂದರೆ ಬಿಟ್ಟಿ ಚಾಕರಿ, ಒಡೆಯನಿಗಾಗಿ ಕೂಲಿಯಿಲ್ಲದೆ ಮಾಡಬೇಕಾದ ದುಡಿಮೆ. ಹುಟ್ಟಿನಿಂದಲೇ ಈ ಪದಕ್ಕೆ ಒಡೆಯ ಮತ್ತು ಆಳಿನ ಸಂಬಂಧ ಅಂಟಿಕೊಂಡಿದೆ. ಚಾಪೆಕನ ನಾಟಕದಲ್ಲಿ ಆಳುಗಳು ದಂಗೆಯೆದ್ದು ಮನುಷ್ಯಕುಲವನ್ನೇ ಅಳಿಸುತ್ತವೆ. ಆದರೆ ನಾವು ಈಗ ನೋಡಹೊರಟ ಕಥೆಗಳಲ್ಲಿನ ಭಯ ಬೇರೆ ಬಗೆಯದು. ಅಲ್ಲಿ ಮೊದಮೊದಲಿಗೆ ಯಂತ್ರ ದಂಗೆ ಏಳುವುದಿಲ್ಲ. ಅದು ಹೇಳಿದ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತದೆ. ಭಯವಿರುವುದೇ ಆ ಪಾಲನೆಯಲ್ಲಿ.

1945ನೆಯ ಇಸವಿಯ ಜಪಾನನ್ನು ನೆನೆಯಬೇಕು. ಹಿರೋಷಿಮಾ, ನಾಗಾಸಾಕಿಗಳ ಹೆಸರು ಎಲ್ಲರ ನಾಲಗೆಯ ಮೇಲಿವೆ. ಆದರೆ ಅಣುಬಾಂಬು ಬೀಳುವುದಕ್ಕೆ ಎಷ್ಟೋ ಮೊದಲೇ ಆ ದೇಶದ ಹತ್ತಾರು ನಗರಗಳು ಅಮೆರಿಕದ ಬಿ-29 ವಿಮಾನಗಳು ಸುರಿದ ಬೆಂಕಿಬಾಂಬುಗಳಿಂದ ಬೂದಿಯಾಗಿದ್ದವು. ಮರ ಕಾಗದಗಳ ಮನೆಗಳು ಒತ್ತೊತ್ತಾಗಿದ್ದ ಊರುಗಳಲ್ಲಿ ಬೆಂಕಿಗೆ ತಡೆ ಎಂಬುದೇ ಇರಲಿಲ್ಲ. ಬಂದರು ನಗರವಾದ ಕೊಬೆಯ ಮೇಲೆ ಆ ವರ್ಷದ ಮಾರ್ಚ್ 17ರಂದು ಮತ್ತು ಜೂನ್ 5ರಂದು ನಡೆದ ದಾಳಿಗಳಲ್ಲಿ ಸಾವಿರಾರು ಜನ ಸತ್ತರು. ಊರಿನ ಬಹುಭಾಗ ನೆಲಸಮವಾಯಿತು. ನಗರದ ಶಾಲಾಮಕ್ಕಳನ್ನು ಯುದ್ಧಕಾಲದಲ್ಲಿ ಹಳ್ಳಿನಾಡುಗಳಿಗೆ ಕಳುಹಿಸುವ ಏರ್ಪಾಟಿತ್ತು. ಕೊಬೆಯಿಂದ ಹಾಗೆ ತೊತ್ತೊರಿ ಪ್ರಾಂತಕ್ಕೆ ಹೋಗಿದ್ದ ಹನ್ನೊಂದು ವರ್ಷದ ಒಬ್ಬ ಹುಡುಗ ಯುದ್ಧ ಮುಗಿದು ಊರಿಗೆ ಮರಳಿದಾಗ, ಊರಿದ್ದ ಕಡೆ ಬೂದಿಯ ಬಯಲಿತ್ತು. ಇದು ಬಿ-29 ಮಾಡಿದ ಕೆಲಸ ಎಂದು ಹಿರಿಯರು ಹೇಳಿದರು. ಆ ಹುಡುಗನ ಹೆಸರು ಮಿತ್ಸುತೆರು ಯೊಕೊಯಾಮಾ.

ಯೊಕೊಯಾಮಾ ಹುಟ್ಟಿದ್ದು 1934ರಲ್ಲಿ. ಒಸಾಮು ತೆಜುಕಾ ಅವರ ಚಿತ್ರಕಥೆಗಳನ್ನು ಓದಿ ಮರುಳಾದ ಅನೇಕ ತರುಣರಲ್ಲಿ ಇವರೂ ಒಬ್ಬರು. 1956ರಲ್ಲಿ 'ಶೋನೆನ್' ಎಂಬ ಬಾಲಕರ ಮಾಸಪತ್ರಿಕೆಯಲ್ಲಿ ಇವರ 'ತೆತ್ಸುಜಿನ್ 28-ಗೋ' ಎಂಬ ಧಾರಾವಾಹಿ ಆರಂಭವಾಗಿ ಹತ್ತು ವರ್ಷ, 1966ರವರೆಗೆ, ನಡೆಯಿತು. ಹೆಸರಿನ ಅರ್ಥ 'ಉಕ್ಕಿನ ಮನುಷ್ಯ, ಸಂಖ್ಯೆ 28' ಎಂದು. ಈ ಕಲ್ಪನೆಗೆ ಮೂರು ಬೀಜಗಳಿದ್ದವೆಂದು ಮುಂದೆ ಅವರೇ ಹೇಳಿಕೊಂಡರು. ಮೊದಲನೆಯದು, ಬಾಲಕನಾಗಿ ಅವರು ಕಂಡ ಕೊಬೆಯ ಬಯಲು. ಎರಡನೆಯದು, ಯುದ್ಧದ ಕೊನೆಯ ದಿನಗಳಲ್ಲಿ ಜರ್ಮನಿ ತಯಾರಿಸಿದ ವಿ-1, ವಿ-2 ಎಂಬ ಚಾಲಕನಿಲ್ಲದ ಅಸ್ತ್ರಗಳ ಸುದ್ದಿ. ಸೋಲುವವನು ಕಟ್ಟಕಡೆಗೆ ಒಂದು ಅದ್ಭುತಾಸ್ತ್ರವನ್ನು ನಂಬಿ ಕೂರುತ್ತಾನೆ ಎಂಬುದಕ್ಕೆ ಅವು ಸಾಕ್ಷಿ. ಮೂರನೆಯದು, 1931ರಲ್ಲಿ ಬಂದ 'ಫ್ರಾಂಕೆನ್‌ಸ್ಟೈನ್' ಚಲನಚಿತ್ರ. ಇಲ್ಲಿ ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದಂಶವಿದೆ. ಮೇರಿ ಶೆಲ್ಲಿ 1818ರಲ್ಲಿ ಬರೆದ ಕಾದಂಬರಿಯ ಜೀವಿ ಮಾತು ಬಲ್ಲದು, ಪುಸ್ತಕ ಓದಬಲ್ಲದು, ತನ್ನನ್ನು ಸೃಷ್ಟಿಸಿದವನೊಡನೆ ವಾದ ಮಾಡಬಲ್ಲದು. ಚಲನಚಿತ್ರ ಅದರ ಮಾತನ್ನು ಕಿತ್ತುಕೊಂಡಿತು. ಯೊಕೊಯಾಮಾ ಪಡೆದುಕೊಂಡದ್ದು ಈ ಮೂಕಜೀವಿಯನ್ನು.

ಕಥೆಯ ಹಂದರ ಸರಳ. ಮಹಾಯುದ್ಧದ ಕೊನೆಯಲ್ಲಿ ಜಪಾನಿನ ಸೈನ್ಯ ಗುಟ್ಟಾಗಿ ದೈತ್ಯಾಕಾರದ ಯಂತ್ರಯೋಧನೊಬ್ಬನನ್ನು ನಿರ್ಮಿಸಲು ಹವಣಿಸುತ್ತದೆ. ಕನೆದಾ ಎಂಬ ವಿಜ್ಞಾನಿ ಇದರ ಮುಖ್ಯಸ್ಥ. ಶಿಕಿಶಿಮಾ ಎಂಬಾತ ಅವನ ಸಹಾಯಕ. ಪ್ರಯತ್ನದ ಮೇಲೆ ಪ್ರಯತ್ನ ನಡೆದು ಇಪ್ಪತ್ತೆಂಟನೆಯ ಯಂತ್ರ ರೂಪುಗೊಳ್ಳುವ ಹೊತ್ತಿಗೆ ಯುದ್ಧವೇ ಮುಗಿದುಹೋಗಿರುತ್ತದೆ. ವರ್ಷಗಳು ಕಳೆದ ಮೇಲೆ, ದೇಶ ಮತ್ತೆ ಕಟ್ಟಿಕೊಳ್ಳುತ್ತಿರುವ ಕಾಲದಲ್ಲಿ, ಆ ಯಂತ್ರ ಎಚ್ಚೆತ್ತು ಹೊರಬರುತ್ತದೆ. ಓದುಗನಿಗೆ ಅದು ಮೊದಲು ಕಾಣುವುದು ನಾಯಕನಾಗಿ ಅಲ್ಲ, ಭಯಂಕರ ವಸ್ತುವಾಗಿ. ಕಥೆ ಮುಂದುವರಿದಂತೆ ಅದರ ನಿಯಂತ್ರಣ ಕನೆದಾನ ಮಗನಾದ ಶೋತಾರೋ ಎಂಬ ಬಾಲಕ ಪತ್ತೇದಾರನ ಕೈಸೇರುತ್ತದೆ. ಅಲ್ಲಿಂದ ಮುಂದೆ ಹುಡುಗನೂ ಉಕ್ಕಿನ ಮನುಷ್ಯನೂ ಸೇರಿ ಪೊಲೀಸರಿಗೆ ನೆರವಾಗುತ್ತಾರೆ. ದರೋಡೆಕೋರರ ಕೂಟಗಳನ್ನೂ ಪರದೇಶದ ಗೂಢಚಾರರನ್ನೂ ಅವರು ಕಳುಹಿಸುವ ಬೇರೆ ಬೇರೆ ದೈತ್ಯಯಂತ್ರಗಳನ್ನೂ ಎದುರಿಸುತ್ತಾರೆ.

ಈ ಯಂತ್ರಕ್ಕೆ ಬುದ್ಧಿಯಿಲ್ಲ, ಮಾತಿಲ್ಲ, ಮಮತೆಯಿಲ್ಲ. ಅದನ್ನು ನಡೆಸುವುದು ಒಂದು ಸಣ್ಣ ಪೆಟ್ಟಿಗೆ. ಅದಕ್ಕೆ ಹಿಡಿಗಳು, ರೇಡಿಯೋ ತರಂಗಗಳನ್ನು ಕಳುಹಿಸುವ ಒಂದು ಕಡ್ಡಿ. ಪೆಟ್ಟಿಗೆ ಯಾರ ಕೈಯಲ್ಲಿದೆಯೋ ಯಂತ್ರ ಅವರದು. ಶೋತಾರೋ ಹಿಡಿದರೆ ಅದು ರಕ್ಷಕ. ಕಳ್ಳ ಕಿತ್ತುಕೊಂಡರೆ ಮರುಕ್ಷಣವೇ ಭಕ್ಷಕ. ನಿನ್ನೆಯವರೆಗೆ ತನ್ನನ್ನು ನಡೆಸಿದ ಹುಡುಗನ ಮೇಲೆ ಕೈಯೆತ್ತಲು ಅದು ಒಂದಿಷ್ಟೂ ಹಿಂದೆಗೆಯದು. ಆದ್ದರಿಂದ ಹತ್ತು ವರ್ಷದ ಧಾರಾವಾಹಿಯಲ್ಲಿ ಉದ್ದಕ್ಕೂ ನಡೆಯುವುದು ಎರಡು ಹೋರಾಟಗಳು. ಮುಗಿಲೆತ್ತರದಲ್ಲಿ ಯಂತ್ರ ಯಂತ್ರಗಳು ಗುದ್ದಾಡುತ್ತವೆ. ಕೆಳಗೆ ನೆಲದ ಮೇಲೆ ಮನುಷ್ಯರು ಆ ಪೆಟ್ಟಿಗೆಗಾಗಿ ಓಡುತ್ತಾರೆ, ಅಡಗುತ್ತಾರೆ, ಮೋಸ ಮಾಡುತ್ತಾರೆ. ಮಕ್ಕಳ ಕಣ್ಣು ಮೇಲಿನ ಹೋರಾಟದ ಮೇಲೆ ನೆಟ್ಟಿದ್ದರೂ ಫಲಿತಾಂಶ ನಿರ್ಧಾರವಾಗುವುದು ಅನೇಕ ವೇಳೆ ಕೆಳಗಿನದರಲ್ಲಿ. ಮುಂದೆ ಇದು ಟೆಲಿವಿಷನ್ ಚಿತ್ರಮಾಲೆಯಾದಾಗ ಅದರ ಶೀರ್ಷಿಕೆಗೀತೆಯೂ ಈ ಪೆಟ್ಟಿಗೆಯ ಬಗೆಗೆ ಮಕ್ಕಳನ್ನು ಎಚ್ಚರಿಸಿತು.

ಎದುರಾಳಿ ಯಂತ್ರಗಳಲ್ಲಿ ಹೆಸರಾದದ್ದು 'ಬ್ಲ್ಯಾಕ್ ಆಕ್ಸ್', ಎಂದರೆ ಕರಿಯ ಎತ್ತು. ಇದನ್ನು ನಿರ್ಮಿಸುವ ವಿಜ್ಞಾನಿಯ ಹೆಸರು ಫುರಾಂಕೆನ್ ಎಂದಿರುವುದರಿಂದ ಹಳೆಯ ಚಲನಚಿತ್ರದ ಋಣ ಮುಚ್ಚುಮರೆಯಿಲ್ಲದೆ ಸಂದಾಯವಾಗಿದೆ. ಈ ಎತ್ತಿಗೆ ತೋಳ್ಬಲವಷ್ಟೇ ಅಲ್ಲದೆ ಇನ್ನೊಂದು ವಿಶೇಷ ಸಾಮರ್ಥ್ಯವುಂಟು. ರೇಡಿಯೋ ತರಂಗಗಳನ್ನು ಕಲಕಿ ಎದುರಾಳಿಯ ನಿಯಂತ್ರಣವನ್ನು ಅದು ಕೆಡಿಸಬಲ್ಲದು. ಆಗ ಶೋತಾರೋ ಹಿಡಿಗಳನ್ನು ಎಷ್ಟು ತಿರುಗಿಸಿದರೂ ಉಕ್ಕಿನ ಮನುಷ್ಯ ಕಲ್ಲಿನಂತೆ ನಿಲ್ಲುತ್ತಾನೆ. ಹಾಗೆಂದು ಎತ್ತು ಸ್ವಭಾವತಃ ದುಷ್ಟವೇ? ಅಲ್ಲ. ಮುಂದೆ ಅದೇ ಎತ್ತು ಶೋತಾರೋನ ಪಕ್ಷಕ್ಕೆ ಬಂದು ಅವನಿಗಾಗಿ ಹೋರಾಡುತ್ತದೆ. ಮಹಾಭಾರತವನ್ನು ಓದಿದವರಿಗೆ ಇಲ್ಲಿ ಅಶ್ವತ್ಥಾಮನ ನೆನಪಾಗದಿರದು. ಬ್ರಹ್ಮಶಿರೋಸ್ತ್ರವನ್ನು ಬಿಡಲು ಅವನಿಗೆ ತಿಳಿದಿತ್ತು, ಹಿಂದಕ್ಕೆ ಕರೆಯಲು ತಿಳಿದಿರಲಿಲ್ಲ. ಅರ್ಜುನನಿಗೆ ಎರಡೂ ತಿಳಿದಿತ್ತು. ಅಸ್ತ್ರ ಇಬ್ಬರಲ್ಲಿಯೂ ಒಂದೇ. ವ್ಯತ್ಯಾಸವಿದ್ದದ್ದು ಅದನ್ನು ಹಿಡಿದ ಕೈಗಳಲ್ಲಿ.

ಇದೇ ಪತ್ರಿಕೆಯಲ್ಲಿ ಆ ಮೊದಲೇ, 1952ರಿಂದ, ತೆಜುಕಾ ಅವರ 'ತೆತ್ಸುವಾನ್ ಆತೊಮು' ಬರುತ್ತಿತ್ತು. ಅದರ ನಾಯಕನೂ ಯಂತ್ರವೇ. ಆದರೆ ಅವನು ಬಾಲಕನ ಗಾತ್ರದವನು, ನಗುವವನು, ಅಳುವವನು, ಶಾಲೆಗೆ ಹೋಗುವವನು. ಅವನಿಗೆ ಹೃದಯವಿದೆ, ಆದ್ದರಿಂದ ಅವನ ಮೇಲೆ ನಂಬಿಕೆಯಿಡಬಹುದು. ಅವನ ಪಕ್ಕದ ಪುಟಗಳಲ್ಲೇ ಯೊಕೊಯಾಮಾ ಹೃದಯವಿಲ್ಲದ ದೈತ್ಯನೊಬ್ಬನನ್ನು ನಿಲ್ಲಿಸಿದರು. ಒಂದೇ ಪತ್ರಿಕೆಯನ್ನು ಬಿಡಿಸಿದ ಮಗುವಿಗೆ ವಿಜ್ಞಾನದ ಎರಡು ಮುಖಗಳು ಪ್ರತಿ ತಿಂಗಳೂ ಒಟ್ಟಿಗೆ ಸಿಕ್ಕವು. ಆತೊಮು ಆಶೆಯ ಮುಖ. ಉಕ್ಕಿನ ಮನುಷ್ಯನಲ್ಲಿ ಆಶೆಯೂ ಇಲ್ಲ, ನಿರಾಶೆಯೂ ಇಲ್ಲ. ನೀನು ಎಂಥವನೋ ನಾನೂ ಅಂಥವನು ಎಂಬ ಕನ್ನಡಿ ಮಾತ್ರ ಅಲ್ಲಿದೆ.

ಆ ಕಾಲದ ರಾಜಕೀಯ ಸಂದರ್ಭವನ್ನೂ ಮರೆಯಲಾಗದು. 1947ರಲ್ಲಿ ಜಾರಿಗೆ ಬಂದ ಸಂವಿಧಾನದ ಒಂಬತ್ತನೆಯ ವಿಧಿಯಿಂದ ಜಪಾನು ಯುದ್ಧ ಹೂಡುವ ಹಕ್ಕನ್ನು ತ್ಯಜಿಸಿತ್ತು. 1952ರಲ್ಲಿ ಅಮೆರಿಕದ ಅಧೀನತೆ ಮುಗಿಯಿತು. 1954ರಲ್ಲಿ ಆತ್ಮರಕ್ಷಣೆಯ ಹೆಸರಿನಲ್ಲಿ ಸೇನಾಪಡೆಗಳು ಮತ್ತೆ ರಚಿತವಾದವು. ಧಾರಾವಾಹಿ ಆರಂಭವಾದ 1956ರಲ್ಲಿಯೇ ಸರ್ಕಾರದ ಆರ್ಥಿಕ ಶ್ವೇತಪತ್ರವು ಯುದ್ಧೋತ್ತರ ಕಾಲ ಮುಗಿಯಿತೆಂದು ಸಾರಿತು; ವರ್ಷದ ಕೊನೆಯಲ್ಲಿ ಜಪಾನು ವಿಶ್ವಸಂಸ್ಥೆಯ ಸದಸ್ಯನಾಯಿತು. ಮುಗಿಯಿತೆಂದು ಹಿರಿಯರು ಸಾರಿದ ಅದೇ ವರ್ಷ, ಯುದ್ಧ ಬಿಟ್ಟುಹೋದ ಒಂದು ಯಂತ್ರ ಇನ್ನೂ ನೆಲದಲ್ಲಿ ಹುದುಗಿದೆ ಎಂದು ಮಕ್ಕಳ ಕಥೆ ಹೇಳಿತು. ಅದನ್ನು ನಾಶಮಾಡಬೇಕೇ, ಇಟ್ಟುಕೊಳ್ಳಬೇಕೇ? ಇಟ್ಟುಕೊಂಡರೆ ಯಾರ ವಶದಲ್ಲಿ? ಸೇನಾಧಿಕಾರಿಗಳ ಕೈಗೆ ಅದನ್ನು ಮತ್ತೆ ಕೊಡಲು ಯೊಕೊಯಾಮಾ ಒಪ್ಪಲಿಲ್ಲ. ಯುದ್ಧದಲ್ಲಿ ಯಾವ ಪಾತ್ರವನ್ನೂ ವಹಿಸದಿದ್ದ, ಆದರೆ ಅದರ ಫಲವನ್ನೆಲ್ಲ ಉಂಡ ಒಬ್ಬ ಹುಡುಗನ ಕೈಗೆ ಕೊಟ್ಟರು. ಯೊಕೊಯಾಮಾ ಇದನ್ನೆಲ್ಲ ಲೆಕ್ಕ ಹಾಕಿ ಬರೆದರೆಂದು ನಾನು ಹೇಳುತ್ತಿಲ್ಲ. ಪತ್ರಿಕೆಯ ಧಾರಾವಾಹಿ ತಿಂಗಳ ಗಡುವಿಗೆ ಬರೆಯುವ ಸಾಹಿತ್ಯ. ಅಲ್ಲಿ ಸಿದ್ಧಾಂತಕ್ಕೆ ಬಿಡುವಿಲ್ಲ. ಬೂದಿಯ ಬಯಲನ್ನು ಕಂಡವನ ಕೈ ಸಹಜವಾಗಿ ಆ ಕಡೆಗೆ ಹೊರಳಿತು, ಅಷ್ಟೆ.

ಜನಪ್ರಿಯತೆ ಬೆಳೆದಂತೆ ಕಥೆ ರೇಡಿಯೋ ನಾಟಕವಾಯಿತು. 1963ರಲ್ಲಿ ಚಲಿಸುವ ಚಿತ್ರಗಳ ಟೆಲಿವಿಷನ್ ಮಾಲೆಯಾಯಿತು. ಅಲ್ಲಿಂದ ಅಮೆರಿಕಕ್ಕೆ ಹೋಗಿ 'ಜೈಗ್ಯಾಂಟರ್' ಎಂಬ ಹೆಸರು ಪಡೆಯಿತು. ಅದರ ಕರ್ತೃ ಒಂದೇ ದಾರಿಯಲ್ಲಿ ನಿಲ್ಲಲಿಲ್ಲ. ಚೀನದ ಮಹಾಕಥನವಾದ 'ಮೂರು ರಾಜ್ಯಗಳ ಕಥೆ'ಯನ್ನು 1971ರಿಂದ 1987ರವರೆಗೆ ಅರವತ್ತು ಸಂಪುಟಗಳ ಚಿತ್ರಕಥೆಯಾಗಿಸಿದವರೂ ಇವರೇ. 2004ರಲ್ಲಿ ಮನೆಗೆ ಬೆಂಕಿ ಬಿದ್ದಾಗ ಆದ ಸುಟ್ಟಗಾಯಗಳಿಂದ ತೀರಿಕೊಂಡರು. ಅವರ ಹುಟ್ಟೂರಿಗೂ ಬೆಂಕಿ ಇನ್ನೊಮ್ಮೆ ಬಂದಿತ್ತು. 1995ರ ಜನವರಿ 17ರ ಭೂಕಂಪದಲ್ಲಿ ಕೊಬೆ ಮತ್ತು ಸುತ್ತಲಿನ ಪ್ರದೇಶದಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ನಗರದ ನಗಾತಾ ಎಂಬ ಭಾಗ ಕಂಪನದ ಹಿಂದೆಯೇ ಎದ್ದ ಬೆಂಕಿಯಿಂದ ಉರಿದುಹೋಯಿತು. ಊರು ಚೇತರಿಸಿಕೊಂಡುದರ ಗುರುತಾಗಿ ಅಲ್ಲಿಯ ಉದ್ಯಾನದಲ್ಲಿ 2009ರಲ್ಲಿ ನಿಲ್ಲಿಸಿದ ಪ್ರತಿಮೆ ಯಾವ ರಾಜನದೂ ಅಲ್ಲ, ಮಂತ್ರಿಯದೂ ಅಲ್ಲ. ಉಕ್ಕಿನ ಮನುಷ್ಯ 28ರದು. ನೆಟ್ಟಗೆ ನಿಂತರೆ 18 ಮೀಟರ್ ಆಗುವ ಆ ಆಕೃತಿ, ಕಾಲು ಅಗಲಿಸಿ ಮುಷ್ಟಿಯನ್ನು ಮೇಲೆತ್ತಿ ನಿಂತಿದೆ. ಯುದ್ಧದ ಆಯುಧವೆಂದು ಕಲ್ಪಿತವಾದದ್ದು ಕಡೆಗೆ ಊರ ಕಾವಲುಗಾರನಾಯಿತು.

ಇನ್ನು ಈ ಪರಂಪರೆಯ ಎರಡನೆಯ ಘಟ್ಟ. ಗೋ ನಾಗಾಯ್ ಎಂಬ ಚಿತ್ರಕಥೆಗಾರರು ಹುಟ್ಟಿದ್ದು 1945ರ ಸೆಪ್ಟೆಂಬರಿನಲ್ಲಿ, ಜಪಾನು ಶರಣಾದ ಮರುತಿಂಗಳು. ಬಾಂಬಿನ ನೆನಪಿಲ್ಲದ, ಮೋಟಾರುಕಾರುಗಳ ನಡುವೆ ಬೆಳೆದ ತಲೆಮಾರು ಅವರದು. ಒಮ್ಮೆ ರಸ್ತೆಯಲ್ಲಿ ವಾಹನಗಳ ಸಾಲು ಅಲುಗಾಡದೆ ನಿಂತಿದ್ದಾಗ, ಹಿಂದಿನ ಕಾರಿಗೆ ಕೈಕಾಲು ಮೂಡಿ ಮುಂದಿನವುಗಳನ್ನು ದಾಟಿಹೋಗುವಂತಿದ್ದರೆ ಎಷ್ಟು ಚೆನ್ನ ಎಂದು ಅವರಿಗೆ ಅನಿಸಿತಂತೆ. ಆ ಅನಿಸಿಕೆಯಿಂದ ಹುಟ್ಟಿದ್ದು 1972ರಲ್ಲಿ ಆರಂಭವಾದ 'ಮಾಜಿಂಗರ್ ಜೆಡ್'. ಕೋಜಿ ಕಬುತೊ ಎಂಬ ತರುಣ ಈ ದೈತ್ಯಯಂತ್ರವನ್ನು ದೂರ ನಿಂತು ನಡೆಸುವುದಿಲ್ಲ. ಸಣ್ಣ ವಾಹನವೊಂದರಲ್ಲಿ ಕುಳಿತು ಅದರ ತಲೆಯೊಳಗೆ ಸೇರಿಕೊಳ್ಳುತ್ತಾನೆ. ಮುಂದೆ ಬಂದ ಅಸಂಖ್ಯ ಯಂತ್ರಕಥೆಗಳಿಗೆ ಇದು ಮೇಲ್ಪಂಕ್ತಿಯಾಯಿತು.

ಪೆಟ್ಟಿಗೆಯಿಂದ ತಲೆಗೆ ಬಂದ ಈ ಬದಲಾವಣೆ ಚಿಕ್ಕದಲ್ಲ. ಪೆಟ್ಟಿಗೆಯನ್ನು ಕದಿಯಬಹುದು, ತಲೆಯೊಳಗೆ ಕುಳಿತವನನ್ನು ಕದಿಯಲಾಗದು. ಈಗ ಯಂತ್ರದ ಪೆಟ್ಟು ಬಿದ್ದರೆ ಅದು ನನ್ನ ಕೈಯಲ್ಲ ಎಂದು ನಡೆಸುವವನು ಹೇಳುವಂತಿಲ್ಲ. ಯಂತ್ರಕ್ಕೆ ಬಿದ್ದ ಪೆಟ್ಟೂ ಅವನ ಮೈಗೇ ತಾಗುತ್ತದೆ. ಈ ಯಂತ್ರವನ್ನು ನಿರ್ಮಿಸಿದ ಅಜ್ಜ ಸಾಯುವ ಮುನ್ನ ಮೊಮ್ಮಗನಿಗೆ ಹೇಳುವ ಮಾತಿನ ಸಾರಾಂಶವೂ ಇದೇ: ಇದನ್ನು ಪಡೆದ ನೀನು ದೇವರೂ ಆಗಬಲ್ಲೆ, ದೆವ್ವವೂ ಆಗಬಲ್ಲೆ. ಹೆಸರಿನಲ್ಲಿಯೇ ಆ ಶ್ಲೇಷೆ ಅಡಗಿದೆ. ಜಪಾನೀ ಭಾಷೆಯಲ್ಲಿ 'ಮಾ' ಎಂದರೆ ದೆವ್ವ, 'ಜಿನ್' ಎಂದರೆ ದೇವರು. ಕೋಜಿ ಮೊದಲ ಸಲ ಏರಿ ಕುಳಿತಾಗ ನಡೆಸಲು ಬಾರದೆ, ಯಂತ್ರ ಹದ್ದುಮೀರಿ ಸುತ್ತಲಿನದನ್ನೆಲ್ಲ ಹಾಳುಗೆಡವುತ್ತದೆ. ಅವನ ಮನಸ್ಸಿನಲ್ಲಿ ದ್ವೇಷವೇನೂ ಇರಲಿಲ್ಲ. ಬಲ ದೊರೆತ ಮಾತ್ರಕ್ಕೆ ಹಿಡಿತ ದೊರೆಯುವುದಿಲ್ಲ ಎಂಬುದನ್ನು ಪ್ರತ್ಯಕ್ಷವಾಗಿ ತೋರಿಸಿ ಆ ಮೇಲೆ ಕಥೆ ಮುಂದುವರಿಯುತ್ತದೆ.

ಏಳು ವರ್ಷಗಳ ಅನಂತರ, 1979ರಲ್ಲಿ, ಯೊಶಿಯುಕಿ ತೊಮಿನೊ ನಿರ್ದೇಶಿಸಿದ 'ಗಂಡಮ್' ಎಂಬ ಟೆಲಿವಿಷನ್ ಮಾಲೆ ಇನ್ನೂ ಒಂದು ಹೆಜ್ಜೆ ಹಾಕಿತು. ಅಲ್ಲಿ ದೈತ್ಯಯಂತ್ರಗಳು ಕಾರ್ಖಾನೆಯಲ್ಲಿ ತಯಾರಾಗುವ ಸಾಮಾನ್ಯ ಯುದ್ಧೋಪಕರಣಗಳು. ಎರಡು ಪಕ್ಷದಲ್ಲಿಯೂ ಮನುಷ್ಯರೇ ಇದ್ದಾರೆ. ಎದುರಿನ ಯಂತ್ರ ಸಿಡಿದಾಗ ಅದರೊಳಗೊಬ್ಬ ಸತ್ತ ಎಂಬುದು ನಾಯಕನಿಗೂ ನೋಡುವವರಿಗೂ ಗೊತ್ತು. ಇದು ಮೂಲತಃ ಚಿತ್ರಕಥೆಯಲ್ಲವಾದರೂ, ಅದರ ಪಾತ್ರಗಳ ರೂಪು ಬರೆದ ಯೊಶಿಕಾಜು ಯಾಸುಹಿಕೊ ಅವರೇ 2001ರಿಂದ 2011ರವರೆಗೆ ಅದನ್ನು ಸುದೀರ್ಘ ಚಿತ್ರಕಥೆಯಾಗಿ ಹೊಸದಾಗಿ ಬರೆದರು.

ಮೂರನೆಯ ಘಟ್ಟಕ್ಕೆ ನಾವು ಸಮುದ್ರ ದಾಟಬೇಕು. ಜಪಾನಿನ ತಕಾರಾ ಎಂಬ ಆಟಿಕೆಯ ಕಂಪನಿ 1980ರ ಸುಮಾರಿಗೆ 'ಡಯಾಕ್ಲೋನ್' ಎಂಬ ಆಟಿಕೆಗಳನ್ನು ಮಾರುಕಟ್ಟೆಗೆ ತಂದಿತ್ತು. ಅವುಗಳಲ್ಲಿ ಕೆಲವು ಕಾರು ಲಾರಿಗಳಾಗಿದ್ದು, ಬಿಡಿಸಿ ಮಡಿಸಿದರೆ ಯಂತ್ರಮಾನವನ ರೂಪ ತಾಳುತ್ತಿದ್ದವು. ಒಳಗೆ ಕೂರಿಸಲು ಪಾದದಲ್ಲಿ ಅಯಸ್ಕಾಂತವಿದ್ದ ಪುಟ್ಟ ಚಾಲಕರ ಬೊಂಬೆಗಳಿದ್ದವು. ಮಾಜಿಂಗರ್ ಹಾಕಿಕೊಟ್ಟ ದಾರಿಯೇ ಅದು. ಯಂತ್ರ ಎಂದ ಮೇಲೆ ಒಳಗೆ ಮನುಷ್ಯ. ಅಮೆರಿಕದ ಹ್ಯಾಸ್ಬ್ರೋ ಕಂಪನಿ ಈ ಆಟಿಕೆಗಳನ್ನೂ ತಕಾರಾದವೇ ಆದ ಬೇರೆ ಕೆಲವನ್ನೂ ಕೊಂಡು 1984ರಲ್ಲಿ 'ಟ್ರಾನ್ಸ್‌ಫಾರ್ಮರ್ಸ್' ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟಿತು. ಆ ಸಾಗಾಟದಲ್ಲಿ ಒಳಗಿದ್ದ ಪುಟ್ಟ ಮನುಷ್ಯ ಮಾಯವಾದ. ಆಟಿಕೆಗೆ ಒಂದು ಕಥೆ ಬೇಕಾಗಿತ್ತು. ಅದನ್ನು ಕಟ್ಟಿಕೊಡುವ ಕೆಲಸ ಮಾರ್ವೆಲ್ ಎಂಬ ಚಿತ್ರಕಥಾ ಪ್ರಕಾಶನದ ಪಾಲಿಗೆ ಬಂತು. ಅದರ ಪ್ರಧಾನ ಸಂಪಾದಕ ಜಿಮ್ ಶೂಟರ್ ಹಂದರ ಹಾಕಿದರು. ಡೆನ್ನಿಸ್ ಓನೀಲ್ 'ಆಪ್ಟಿಮಸ್ ಪ್ರೈಮ್' ಎಂಬ ನಾಯಕನ ಹೆಸರನ್ನು ಕೊಟ್ಟರು. ಉಳಿದ ಬಹುಪಾಲು ಯಂತ್ರಗಳಿಗೆ ಹೆಸರಿಟ್ಟು ಗುಣಸ್ವಭಾವಗಳನ್ನು ಬರೆದವರು ಬಾಬ್ ಬುಡಿಯಾನ್‌ಸ್ಕಿ. ಸೈಬರ್‌ಟ್ರಾನ್ ಎಂಬ ಯಂತ್ರಗ್ರಹದಲ್ಲಿ ಎರಡು ಪಂಗಡಗಳ ನಡುವೆ ಯುಗಾಂತರಗಳಿಂದ ನಡೆದ ಯುದ್ಧ, ನಲವತ್ತು ಲಕ್ಷ ವರ್ಷಗಳ ಹಿಂದೆ ಭೂಮಿಗೆ ಬಿದ್ದ ಅವರ ನೌಕೆ, 1984ರಲ್ಲಿ ಅಗ್ನಿಪರ್ವತವೊಂದರ ಒಡಲಲ್ಲಿ ಅವರು ಎಚ್ಚರಗೊಳ್ಳುವುದು. ಇದು ಕಥೆಯ ನೆಲೆಗಟ್ಟು.

ಖಳನಾಯಕನಿಗೆ 'ಮೆಗಾಟ್ರಾನ್' ಎಂದು ಹೆಸರಿಟ್ಟಾಗ ಕಂಪನಿಯವರು ಅಳುಕಿದರೆಂದು ಬುಡಿಯಾನ್‌ಸ್ಕಿ ಹೇಳಿಕೊಂಡಿದ್ದಾರೆ. ಅಣ್ವಸ್ತ್ರದ ಬಲವನ್ನು ಅಳೆಯುವ 'ಮೆಗಾಟನ್' ಎಂಬ ಶಬ್ದದ ಸದ್ದು ಅದರಲ್ಲಿತ್ತು. ಖಳನ ಹೆಸರು ಹೆದರಿಸಲೇಬೇಕಲ್ಲವೇ ಎಂದು ಅವರು ಉತ್ತರಿಸಿದರಂತೆ, ಹೆಸರು ಉಳಿಯಿತು. ಮೊದಲು ನಾಲ್ಕೇ ಸಂಚಿಕೆಗಳೆಂದು ಯೋಜಿಸಿದ್ದ ಈ ಮಾಲೆ 1991ರವರೆಗೆ 80 ಸಂಚಿಕೆ ನಡೆಯಿತು. ಕೊನೆಯ ಸಂಚಿಕೆಯ ಮುಖಪುಟದಲ್ಲಿ, ನಾಲ್ಕು ಸಂಚಿಕೆಗಳ ಮಾಲೆಯಲ್ಲಿ ಇದು ಎಂಬತ್ತನೆಯದು ಎಂದು ಅವರೇ ವಿನೋದವಾಡಿದರು. ಇಂಗ್ಲೆಂಡಿನಲ್ಲಿ ಸೈಮನ್ ಫರ್ಮನ್ ಮೊದಲಾದವರು ಅಲ್ಲಿಯ ಪತ್ರಿಕೆಗಾಗಿ ಹೊಸ ಕಥೆಗಳನ್ನು ಹೆಣೆದು, 1984ರಿಂದ 1992ರವರೆಗೆ 332 ಸಂಚಿಕೆಗಳನ್ನು ಹೊರತಂದರು.

ಒಳಗಿನ ಮನುಷ್ಯ ಹೊರಟುಹೋದ ಮೇಲೆ ಯಂತ್ರವೇ ಪಾತ್ರವಾಗಬೇಕಾಯಿತು. ಅದಕ್ಕೆ ಮಾತು ಬಂತು, ಸಿಟ್ಟು ಬಂತು, ಸಂಶಯ ಬಂತು. ಕಡಿವಾಣ ಈಗ ಯಾರ ಕೈಯಲ್ಲಿಯೂ ಇಲ್ಲ. ಅದು ಯಂತ್ರದ ಅಂತರಂಗದಲ್ಲಿಯೇ ಇರಬೇಕು, ಇಲ್ಲದಿದ್ದರೆ ಎಲ್ಲಿಯೂ ಇಲ್ಲ. ಇದರ ಅರ್ಥವನ್ನು ಬುಡಿಯಾನ್‌ಸ್ಕಿ ಬರೆದ 24ನೆಯ ಸಂಚಿಕೆ ವಿಲಕ್ಷಣವಾದ ರೀತಿಯಲ್ಲಿ ತೋರಿಸಿತು. ಮುಖಪುಟದ ಲೆಕ್ಕದಲ್ಲಿ ಅದು 1987ರ ಜನವರಿಯದು. ಪ್ರೈಮ್ ಮತ್ತು ಮೆಗಾಟ್ರಾನ್ ತಮ್ಮ ಕದನವನ್ನು ಕಂಪ್ಯೂಟರಿನೊಳಗಿನ ಒಂದು ಆಟದ ಲೋಕದಲ್ಲಿ ತೀರ್ಮಾನಿಸಲು ಒಪ್ಪುತ್ತಾರೆ; ಸೋತವನು ನಿಜವಾಗಿಯೇ ನಾಶವಾಗಬೇಕೆಂಬುದು ಪಣ. ಪ್ರೈಮ್ ಗೆಲ್ಲುತ್ತಾನೆ. ಆದರೆ ಗೆಲ್ಲುವ ಭರದಲ್ಲಿ ಆ ಲೋಕದ ಕೆಲವು ನಿರಪರಾಧಿ ಜೀವಿಗಳು ತನ್ನಿಂದ ಅಳಿದವೆಂಬುದನ್ನು ಅವನು ಕಾಣುತ್ತಾನೆ. ಅವು ಆಟಕ್ಕಾಗಿ ಮಾಡಿದ ಬರಿಯ ಬೊಂಬೆಗಳು. ಆದರೂ ತಾನು ನಿಯಮ ಮುರಿದೆ, ಆದ್ದರಿಂದ ಸೋತವನು ತಾನೇ ಎಂದು ತೀರ್ಪಿತ್ತುಕೊಂಡು, ಗುಂಡಿ ಒತ್ತುವಂತೆ ಅಲ್ಲಿದ್ದ ಮನುಷ್ಯನನ್ನು ಕೇಳಿಕೊಂಡು ಛಿದ್ರವಾಗುತ್ತಾನೆ.

ಈ ಪ್ರಸಂಗವನ್ನು ಆ ಮಾಲೆಯ ಅಭಿಮಾನಿಗಳಲ್ಲಿಯೇ ಹಲವರು ನಗೆಗೀಡುಮಾಡಿದ್ದಾರೆ. ಇಲ್ಲದ ಜೀವಿಗಳಿಗಾಗಿ ಇರುವವನು ಸಾಯುವುದು ಹುಚ್ಚುತನ ಎಂಬುದು ಅವರ ವಾದ. ನನಗೆ ಹಾಗೆನಿಸುವುದಿಲ್ಲ. ಪ್ರೈಮನಿಗೆ ಅಪ್ಪಣೆ ಕೊಟ್ಟವರಿಲ್ಲ, ನೋಡಿ ದಂಡಿಸುವವರಿಲ್ಲ, ಸತ್ತವರ ಪರವಾಗಿ ಕೇಳುವವರೂ ಇಲ್ಲ. ಅಂಥ ಸ್ಥಿತಿಯಲ್ಲಿಯೂ ಲೆಕ್ಕ ಒಪ್ಪಿಸುವುದಕ್ಕೆ ಅಲ್ಲವೇ ನಾವು ಧರ್ಮವೆನ್ನುವುದು? ಉಕ್ಕಿನ ಮನುಷ್ಯ 28 ನಿಜವಾದ ಊರನ್ನು ತುಳಿದರೂ ಅವನಿಗೆ ತಿಳಿಯುತ್ತಿರಲಿಲ್ಲ. ಮೂವತ್ತು ವರ್ಷಗಳ ಅನಂತರ ಅವನ ಕುಲದವನೊಬ್ಬ ಬೊಂಬೆಯ ಊರನ್ನು ತುಳಿದುದಕ್ಕೆ ಪ್ರಾಣ ಕೊಟ್ಟ. ಇವೆರಡರ ನಡುವಿನ ದೂರವೇ ಈ ಕಥಾಪರಂಪರೆಯ ಚರಿತ್ರೆ.

ಆಟಿಕೆ ಮಾರಲು ಹುಟ್ಟಿದ ಕಥೆಯಿಂದ ಇಷ್ಟೆಲ್ಲ ಅರ್ಥ ತೆಗೆಯಬಹುದೇ ಎಂಬ ಆಕ್ಷೇಪ ಸಹಜವಾದದ್ದೇ. ವ್ಯಾಪಾರದ ಒತ್ತಡ ಅದರ ಮೇಲಿದ್ದುದು ನಿಜ. ಹೊಸ ಆಟಿಕೆ ಬಂದಾಗಲೆಲ್ಲ ಕಥೆಯಲ್ಲಿ ಹೊಸ ಪಾತ್ರ ಬರಬೇಕಾಗಿತ್ತು, ಅದರಿಂದ ಎಷ್ಟೋ ಸಂಚಿಕೆಗಳು ಕೆಟ್ಟವು. ಇಡೀ ಪ್ರಕಾರದಲ್ಲಿ ಹೊಡೆದಾಟ ಅತಿಯಾಗಿದೆ, ಪುನರುಕ್ತಿ ಬೇಸರ ತರಿಸುತ್ತದೆ ಎಂಬುದನ್ನೂ ಒಪ್ಪಬೇಕು. ಆದರೆ ಆಶ್ರಯದಾತನ ಹೊಗಳಿಕೆಗೆಂದು ಹುಟ್ಟಿದ ಕಾವ್ಯಗಳಲ್ಲಿ ಹೊಗಳಿಕೆಯನ್ನು ಮೀರಿದ್ದು ನಮಗೆ ದೊರೆತಿಲ್ಲವೇ? ಕೃತಿಯ ಹುಟ್ಟಿಗೆ ಕಾರಣವಾದದ್ದು ಒಂದು, ಬರೆಯುವವನ ಕೈಯಲ್ಲಿ ಅದು ಆಗುವುದು ಇನ್ನೊಂದು.

ಇವೆಲ್ಲ ಮಕ್ಕಳ ಕಲ್ಪನೆ ಎಂದು ಈಗ ಯಾರೂ ಬದಿಗಿಡುವಂತಿಲ್ಲ. ಗುರಿಯನ್ನು ತಾನೇ ಆಯ್ದು ತಾನೇ ಹೊಡೆಯಬಲ್ಲ ಅಸ್ತ್ರಗಳ ವಿಷಯವಾಗಿ 2014ರಿಂದ ಜಿನೀವಾದಲ್ಲಿ ರಾಷ್ಟ್ರಗಳ ಪ್ರತಿನಿಧಿಗಳು ಸೇರಿ ಚರ್ಚಿಸುತ್ತ ಬಂದಿದ್ದಾರೆ. 2023ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ಈ ಬಗೆಗೆ ಒಂದು ನಿರ್ಣಯವನ್ನು ಅಂಗೀಕರಿಸಿತು. ಅವರ ಮುಂದಿರುವ ಪ್ರಶ್ನೆ ನಾವು ಆರಂಭದಲ್ಲಿ ಕೇಳಿದ್ದೇ: ಕೊಲ್ಲುವ ನಿರ್ಧಾರದಲ್ಲಿ ಮನುಷ್ಯನ ಕೈ ಎಷ್ಟು ಹತ್ತಿರ ಇರಬೇಕು, ಕೈತಪ್ಪಿದರೆ ಹೊಣೆ ಯಾರದು? ಯೊಕೊಯಾಮಾ ಪೆಟ್ಟಿಗೆಯನ್ನು ಹುಡುಗನ ಕೈಯಲ್ಲಿಟ್ಟರು. ನಾಗಾಯ್ ಹುಡುಗನನ್ನೇ ಯಂತ್ರದ ತಲೆಯಲ್ಲಿ ಕೂರಿಸಿದರು. ಬುಡಿಯಾನ್‌ಸ್ಕಿ ಯಂತ್ರಕ್ಕೇ ಅಂತಃಕರಣ ಕೊಟ್ಟರು. ಕಥೆಗಾರನ ಲೇಖನಿಗೆ ಸುಲಭವಾದ ಈ ಮೂರನೆಯ ಪರಿಹಾರ ಕಾರ್ಖಾನೆಯಲ್ಲಿ ದೊರೆಯುವಂಥದಲ್ಲ. ಅಂತಃಕರಣವನ್ನು ಎರಕ ಹೊಯ್ಯುವ ಅಚ್ಚು ಎಲ್ಲಿಯೂ ಇಲ್ಲದಿರುವುದರಿಂದ, ನಾವು ಮತ್ತೆ ಮೊದಲಿನ ಪೆಟ್ಟಿಗೆಗೇ ಮರಳಬೇಕಾಗುತ್ತದೆ. ಅದನ್ನು ಹಿಡಿದಿರುವವರು ಯಾರೆಂದು ಪ್ರತಿ ತಲೆಮಾರೂ ಕೇಳುತ್ತಲೇ ಇರಬೇಕಾಗುತ್ತದೆ.